ದಾದಿಯ ದತ್ತಿ

ದೆಹಲಿಯಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡ ಮಕ್ಕಳಿಗೆ ‘ದಾದಿ’ ಎಂಬ ಶಬ್ದವು ಪಾಠದಲ್ಲಿ ಮೊದಲ ಸಲ ಎದುರಾದಾಗ ನಗು ಬರುವುದು ಸಹಜವೇ. ಇಲ್ಲಿಯ ಹಿಂದಿಯಲ್ಲಿ ದಾದಿಯೆಂದರೆ ತಂದೆಯ ತಾಯಿ. ನಮ್ಮ ಕನ್ನಡದಲ್ಲಿ ದಾದಿಯೆಂದರೆ ರೋಗಿಗಳ ಶುಶ್ರೂಷೆ ಮಾಡುವವಳು. ಆಸ್ಪತ್ರೆಗೆ ಹೋದಾಗ ನಾವಾರೂ ಆಕೆಯನ್ನು ದಾದಿಯೆಂದು ಕರೆಯುವುದಿಲ್ಲ, ‘ಸಿಸ್ಟರ್’ ಎನ್ನುತ್ತೇವೆ; ಊರಿನಲ್ಲಾದರೆ ‘ನರ್ಸಮ್ಮ’ ಎನ್ನುವರು. ಆದರೂ ಬರೆವಣಿಗೆಯಲ್ಲಿ ದಾದಿ ಎಂಬ ಮಾತು ಹಿಂದಿನಿಂದ ನಿಂತುಬಂದಿದೆ. ಈ ಲೇಖನದಲ್ಲಿಯೂ ನಾವು ಅದನ್ನೇ ಬಳಸುವೆವು.

ವಿವರಿಸಬೇಕಾದ ಇನ್ನೊಂದು ಮಾತು ‘ದತ್ತಿ’. ದತ್ತಿಯೆಂದರೆ ಬರಿಯ ದಾನವಲ್ಲ. ಹಸಿದು ಬಂದವನಿಗೆ ಒಂದು ಹೊತ್ತು ಊಟವಿಕ್ಕಿದರೆ ಅದು ದಾನ. ಪ್ರತಿವರ್ಷವೂ ಇಷ್ಟು ಮಂದಿಗೆ ಊಟವಾಗಲೆಂದು ಒಂದು ಹೊಲವನ್ನು ಬಿಟ್ಟುಕೊಟ್ಟು, ಹೊಲವನ್ನು ಮಾರಕೂಡದು, ಅದರ ಬೆಳೆಯನ್ನು ಮಾತ್ರ ವೆಚ್ಚಮಾಡತಕ್ಕದ್ದು ಎಂದು ಕಟ್ಟುಮಾಡಿದರೆ ಅದು ದತ್ತಿ. ದಾನವು ಕೊಟ್ಟವನ ಕೈಯಿಂದಲೇ ಮುಗಿಯುತ್ತದೆ. ದತ್ತಿಯು ಕೊಟ್ಟವನು ಕಣ್ಮರೆಯಾದ ಮೇಲೂ ನಡೆಯುತ್ತದೆ. ನಮ್ಮ ನಾಡಿನವರಿಗೆ ಇದು ಹೊಸತಲ್ಲ. ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ. ಶ. ೯೪೫ರ ಶಾಸನವೊಂದಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ್ದನು. ದೇಶದೇಶಗಳಿಂದ ಬಂದ ವಿದ್ಯಾರ್ಥಿಗಳು ಇಳಿದುಕೊಳ್ಳಲು ೨೭ ಮನೆಗಳೂ, ಶಾಲೆ ನಡೆಯಲು ೫೦೦ ನಿವರ್ತನ ಭೂಮಿಯೂ, ದೀಪಕ್ಕೆಂದೇ ಬೇರೆಯಾಗಿ ೧೨ ನಿವರ್ತನ ಭೂಮಿಯೂ ದತ್ತಿಯಾಗಿ ಬಂದವು. ದೀಪದ ಎಣ್ಣೆಗೆ ಬೇರೆ ಹೊಲವನ್ನು ತೆಗೆದಿಟ್ಟವರು ರಾತ್ರಿ ಕುಳಿತು ಓದುವವನ ಕಷ್ಟವನ್ನು ಬಲ್ಲವರೇ ಆಗಿದ್ದಿರಬೇಕು.

ದಾದಿಯೊಬ್ಬರ ಹೆಸರಿನಲ್ಲಿ ಕೂಡಿದ ಹಣವು ಹೀಗೆಯೇ ದತ್ತಿಯಾಗಿ, ಮುಂದಿನ ದಾದಿಯರ ವಿದ್ಯೆಗೆ ಆಧಾರವಾದ ಬಗೆಯನ್ನು ಹೇಳುವುದು ನಮ್ಮ ಉದ್ದೇಶ. ಆ ದಾದಿ ಫ್ಲಾರೆನ್ಸ್ ನೈಟಿಂಗೇಲ್. ದೀಪವನ್ನು ಹಿಡಿದು ರಾತ್ರಿಯ ಹೊತ್ತು ಗಾಯಾಳುಗಳ ನಡುವೆ ನಡೆಯುತ್ತಿದ್ದ ಅವರ ಚಿತ್ರವನ್ನು ನೀವೆಲ್ಲರೂ ಕಂಡಿರುವಿರಿ. ಆ ಚಿತ್ರದ ಗದ್ದಲದಲ್ಲಿ ಅವರ ದೊಡ್ಡ ಕೆಲಸವೊಂದು ಹಿಂದೆ ಬಿದ್ದುಹೋಗಿದೆಯೆಂದು ನಮ್ಮ ಅಭಿಪ್ರಾಯ. ಅದು ಹಣದ ಕೆಲಸ, ಲೆಕ್ಕದ ಕೆಲಸ. ಅದಕ್ಕೆ ಚಿತ್ರ ಬರೆಯುವವರಾರು?

ನೈಟಿಂಗೇಲರು ೧೮೨೦ರ ಮೇ ೧೨ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತರು. ಆ ಕಾಲದಲ್ಲಿ ಆಸ್ಪತ್ರೆಯ ದಾದಿಯ ಕೆಲಸವು ಮರ್ಯಾದಸ್ಥರು ಮಾಡುವ ಕೆಲಸವೆನಿಸಿರಲಿಲ್ಲ. ಮನೆಯವರ ವಿರೋಧವನ್ನು ಹಲವು ವರ್ಷ ಸಹಿಸಿ, ಕೊನೆಗೆ ಅವರು ಆ ಕೆಲಸಕ್ಕೇ ಇಳಿದರು. ಕ್ರಿಮಿಯಾ ಯುದ್ಧವು ನಡೆಯುತ್ತಿದ್ದಾಗ, ೧೮೫೪ರ ನವೆಂಬರ್ ತಿಂಗಳ ಮೊದಲ ವಾರದಲ್ಲಿ, ೩೮ ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಸೈನ್ಯದ ಆಸ್ಪತ್ರೆಯನ್ನು ಮುಟ್ಟಿದರು. ಅಲ್ಲಿ ಸಿಪಾಯಿಗಳು ಗುಂಡಿನ ಏಟಿಗಿಂತ ಹೆಚ್ಚಾಗಿ ಜ್ವರದಿಂದಲೂ ಭೇದಿಯಿಂದಲೂ ಸಾಯುತ್ತಿದ್ದರು. ಈ ಭಾಗದ ಕಥೆಯು ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಅವರು ಇನ್ನೂ ಯುದ್ಧಭೂಮಿಯಲ್ಲಿರುವಾಗಲೇ ಇಂಗ್ಲೆಂಡಿನಲ್ಲಿ ಅವರ ಹೆಸರು ಮನೆಮಾತಾಯಿತು. ಕೃತಜ್ಞತೆಯ ಗುರುತಾಗಿ ಏನಾದರೂ ಕೊಡಬೇಕೆಂದು ಜನರು ಬಯಸಿದರು. ಬಳೆ, ಬೆಳ್ಳಿಯ ಚಹಾಪಾತ್ರೆ ಮುಂತಾದ ಉಡುಗೊರೆಯ ಮಾತು ಮೊದಲು ಬಂದಿದ್ದಿತು. ನಮ್ಮ ಕಡೆ ಶಾಲು ಹೊದೆಸಿ ಹಣ್ಣಿನ ತಟ್ಟೆಯನ್ನು ಕೊಡುವುದಿಲ್ಲವೇ, ಹಾಗೆ. ಆದರೆ ಅವರನ್ನು ಬಲ್ಲ ಸ್ನೇಹಿತರು, ಅವರು ಇಂಥವನ್ನು ಇಟ್ಟುಕೊಳ್ಳುವವರಲ್ಲ, ಅವರಿಗೆ ಬೇಕಾದುದು ಕೆಲಸಕ್ಕೆ ಸಾಧನ ಎಂದರು. ೧೮೫೫ರ ನವೆಂಬರ್ ೨೯ರಂದು ಲಂಡನ್ನಿನ ವಿಲ್ಲಿಸ್ ರೂಮ್ಸ್ ಎಂಬಲ್ಲಿ ಸಾರ್ವಜನಿಕ ಸಭೆ ಸೇರಿತು. ಕೇಂಬ್ರಿಜ್ಜಿನ ಡ್ಯೂಕರು ಅಧ್ಯಕ್ಷರಾಗಿದ್ದರು. ನೈಟಿಂಗೇಲರ ಹೆಸರಿನಲ್ಲಿ ಒಂದು ನಿಧಿಯನ್ನು ಕೂಡಿಸಿ, ದಾದಿಯರ ಶಿಕ್ಷಣಕ್ಕಾಗಿ ಅದನ್ನು ಅವರ ಕೈಗೊಪ್ಪಿಸುವುದೆಂದು ನಿರ್ಣಯವಾಯಿತು.

ಹಣ ಬಂದ ಬಗೆಯು ಗಮನಿಸತಕ್ಕದ್ದು. ಸಿರಿವಂತರು ಕೊಟ್ಟರು, ಅದರಲ್ಲಿ ಆಶ್ಚರ್ಯವಿಲ್ಲ. ಪ್ರಸಿದ್ಧ ಗಾಯಕಿ ಜೆನ್ನಿ ಲಿಂಡ್ ಕಛೇರಿಯೊಂದನ್ನು ನಡೆಸಿ ಹಣವನ್ನು ನಿಧಿಗೆ ಸಲ್ಲಿಸಿದರು. ಎಲ್ಲಕ್ಕಿಂತ ಹೆಚ್ಚಿನ ಮಾತೆಂದರೆ ಸಿಪಾಯಿಗಳದು. ಒಂದೊಂದು ದಿನದ ಸಂಬಳವನ್ನು ಕೊಡಿರೆಂದು ಸೈನ್ಯದಲ್ಲಿ ಕೇಳಲಾಯಿತು. ಹಾಗೆ ಕೂಡಿದ ಹಣ ಸುಮಾರು ೯,೦೦೦ ಪೌಂಡು. ನಿಧಿಯ ಒಟ್ಟು ಮೊತ್ತ ಸುಮಾರು ೪೪,೦೦೦ ಪೌಂಡು. ಐದರಲ್ಲಿ ಒಂದು ಪಾಲು ಆ ದಿನಗೂಲಿಯಂಥ ಸಂಬಳದವರಿಂದ ಬಂದುದೆಂದಾಯಿತು.

ಇದೇ ಯುದ್ಧದಲ್ಲಿ ಇನ್ನೊಬ್ಬ ದಾದಿಯೂ ಇದ್ದರು. ಮೇರಿ ಸೀಕೋಲ್ ಎಂದು ಹೆಸರು. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದವರು. ತಾಯಿ ಕಪ್ಪು ಜನಾಂಗದ ಔಷಧಜ್ಞೆ, ತಂದೆ ಸ್ಕಾಟ್ಲೆಂಡಿನ ಸಿಪಾಯಿ. ೧೮೫೪ರಲ್ಲಿ ಲಂಡನ್ನಿಗೆ ಬಂದು, ತಮ್ಮನ್ನೂ ದಾದಿಯರ ತಂಡಕ್ಕೆ ಸೇರಿಸಿಕೊಳ್ಳಿರೆಂದು ಬೇಡಿದಾಗ ಯಾರೂ ಸೇರಿಸಿಕೊಳ್ಳಲಿಲ್ಲ. ಅವರು ಸ್ವಂತ ಖರ್ಚಿನಿಂದ ಯುದ್ಧಭೂಮಿಗೆ ಹೋಗಿ, ಬಾಲಕ್ಲಾವದ ಹತ್ತಿರ ಒಂದು ಛತ್ರದಂತಹ ಅಂಗಡಿಯನ್ನು ತೆರೆದು, ಸಿಪಾಯಿಗಳಿಗೆ ಊಟವನ್ನೂ ಔಷಧವನ್ನೂ ಕೊಟ್ಟರು. ಯುದ್ಧವು ಥಟ್ಟನೆ ಮುಗಿದಾಗ ಕೊಂಡಿಟ್ಟ ಸರಕೆಲ್ಲ ಹಾಗೆಯೇ ಉಳಿದು, ೧೮೫೬ರಲ್ಲಿ ದಿವಾಳಿಯಾದರು. ಅವರಿಗೂ ಜನರು ನಿಧಿ ಕೂಡಿಸಿದರು. ೧೮೫೭ರ ಜುಲೈ ತಿಂಗಳಲ್ಲಿ ಲಂಡನ್ನಿನ ಉದ್ಯಾನವೊಂದರಲ್ಲಿ ನಾಲ್ಕು ದಿನಗಳ ಸಂಗೀತೋತ್ಸವವೇ ನಡೆಯಿತು. ಸಾವಿರಾರು ಜನ ಬಂದರು, ಚಪ್ಪಾಳೆ ತಟ್ಟಿದರು. ಆದರೆ ವೆಚ್ಚವೆಲ್ಲ ಕಳೆದು, ಉತ್ಸವ ನಡೆಸಿದ ಕಂಪೆನಿಯೂ ಮುಳುಗಿ, ಸೀಕೋಲರ ಕೈಗೆ ಬಂದುದು ಅತ್ಯಲ್ಪ.

ಇಬ್ಬರು ದಾದಿಯರು, ಒಂದೇ ಯುದ್ಧ, ಒಂದೇ ಊರಿನ ಜನರ ಕೃತಜ್ಞತೆ. ಒಂದು ಕಡೆ ಹಣವು ದತ್ತಿಯಾಯಿತು, ಇನ್ನೊಂದು ಕಡೆ ಹಬ್ಬವಾಗಿ ಕರಗಿತು. ಮೈಬಣ್ಣವೂ ಮನೆತನವೂ ಇದರಲ್ಲಿ ತಮ್ಮ ಪಾಲನ್ನು ಮಾಡಿದುವೆಂಬುದನ್ನು ಮರೆಮಾಚಬೇಕಾಗಿಲ್ಲ. ನೈಟಿಂಗೇಲರಿಗೆ ತಂದೆಯು ವರ್ಷಕ್ಕೆ ೫೦೦ ಪೌಂಡು ಕೊಡುತ್ತಿದ್ದರು; ತಮಗಾಗಿ ಬಂದ ಹಣವನ್ನು ಮುಟ್ಟದೆ ಇತರರಿಗೆ ಬಿಡುವುದು ಅವರಿಗೆ ಸಾಧ್ಯವಿದ್ದಿತು. ಸಾಲಗಾರರು ಬಾಗಿಲಲ್ಲಿ ನಿಂತಿದ್ದ ಸೀಕೋಲರಿಗೆ ಅದು ಸಾಧ್ಯವಿರಲಿಲ್ಲ. ಆದಕಾರಣ ಒಬ್ಬರ ತ್ಯಾಗವನ್ನು ಹೊಗಳುವಾಗ ಇನ್ನೊಬ್ಬರ ಬಡತನವನ್ನು ಹೀನವಾಗಿ ಎಣಿಸುವುದು ನ್ಯಾಯವಲ್ಲ. ಬಹುಕಾಲದ ಮೇಲೆ, ೧೯೯೪ರಲ್ಲಿ, ಇಂಗ್ಲೆಂಡಿನಲ್ಲಿ ದಾದಿಯರ ಅಧ್ಯಯನಕ್ಕೆ ನೆರವಾಗುವ ಪುರಸ್ಕಾರವೊಂದಕ್ಕೆ ಸೀಕೋಲರ ಹೆಸರನ್ನಿಟ್ಟರು. ೨೦೧೬ರಲ್ಲಿ ಅವರ ಪ್ರತಿಮೆಯೂ ಎದ್ದಿತು. ಅದು ನಿಂತಿರುವುದು ನೈಟಿಂಗೇಲರ ದತ್ತಿಯಿಂದ ಶಾಲೆ ನಡೆದ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿಯೇ.

ಆ ಶಾಲೆಯ ವಿಷಯಕ್ಕೆ ಬರೋಣ. ಯುದ್ಧದಿಂದ ಹಿಂತಿರುಗಿದ ನೈಟಿಂಗೇಲರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ತಾವೇ ಶಾಲೆಯ ಮುಖ್ಯಸ್ಥೆಯಾಗುವಂತಿರಲಿಲ್ಲ. ಆದುದರಿಂದ ಆಗಲೇ ಒಳ್ಳೆಯ ಮೇಟ್ರನ್ ಇದ್ದ ಆಸ್ಪತ್ರೆಯೊಂದನ್ನು ಹುಡುಕಿದರು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಾರಾ ವಾರ್ಡ್‌ರೋಪರ್ ಎಂಬ ವಿಧವೆಯೊಬ್ಬರು ಆ ಕೆಲಸದಲ್ಲಿದ್ದರು. ೧೮೬೦ರ ಜೂನ್ ೨೪ರಂದು ೧೫ ಮಂದಿ ವಿದ್ಯಾರ್ಥಿನಿಯರೊಡನೆ ಶಾಲೆಯು ಪ್ರಾರಂಭವಾಯಿತು.

ಈ ಹದಿನೈದು ಮಂದಿಗೆ ದತ್ತಿಯಿಂದ ದೊರೆತುದೇನು? ಪ್ರತಿಯೊಬ್ಬಳಿಗೂ ಬೇರೆ ಮಲಗುವ ಕೋಣೆ, ಊಟ, ಚಹಾ, ಸಕ್ಕರೆ, ಬಟ್ಟೆ ಒಗೆಸುವ ವೆಚ್ಚ, ಕಂದುಬಣ್ಣದ ಸಮವಸ್ತ್ರ, ಇವುಗಳ ಮೇಲೆ ಕೈಖರ್ಚಿಗೆ ವರ್ಷಕ್ಕೆ ೧೦ ಪೌಂಡು. ಪಾಠದ ಶುಲ್ಕವಿಲ್ಲ. ಇಂದು ನಾವು ವಿದ್ಯಾರ್ಥಿವೇತನವೆಂದು ಕರೆಯುವುದು ಇದನ್ನೇ. ಶುಲ್ಕವನ್ನು ಬಿಟ್ಟುಬಿಟ್ಟರೆ ಬಡ ವಿದ್ಯಾರ್ಥಿಯ ಕಷ್ಟ ತೀರಿತೆಂದು ತಿಳಿಯುವವರು ಇದ್ದಾರೆ. ಹಿಂದೆ ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಓದಿದ ಹಳ್ಳಿಯ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆಯೆಂದು ವಾರಾನ್ನ ಉಂಡು ವಿದ್ಯೆ ಕಲಿತರು. ಅವರಿಗೆ ಶಾಲೆಯ ಶುಲ್ಕಕ್ಕಿಂತ ಹೊಟ್ಟೆಯ ಚಿಂತೆಯೇ ದೊಡ್ಡದಾಗಿದ್ದಿತು. ದಾದಿಯ ವಿದ್ಯೆಯಲ್ಲಂತೂ ಇದು ಇನ್ನೂ ಹೆಚ್ಚು. ಅದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಲಿತು ಮನೆಗೆ ಹೋಗುವ ವಿದ್ಯೆಯಲ್ಲ. ರೋಗಿಯ ಬಳಿ ಹಗಲು ಪಾಳಿ, ರಾತ್ರಿ ಪಾಳಿ ನಿಂತೇ ಕಲಿಯಬೇಕು. ಮಧ್ಯೆ ಬೇರೆ ಕಡೆ ದುಡಿದು ನಾಲ್ಕು ಕಾಸು ಸಂಪಾದಿಸುವ ಅವಕಾಶವೇ ಇಲ್ಲ. ಉಣ್ಣಲು ಮಲಗಲು ಏರ್ಪಾಡಿಲ್ಲದ ಹುಡುಗಿಗೆ ಈ ವಿದ್ಯೆಯ ಬಾಗಿಲು ಮುಚ್ಚಿದಂತೆಯೇ ಸರಿ.

ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಶಾಲೆ ನಡೆಯಬೇಕೆಂಬುದು ಏರ್ಪಾಡು. ನೂರಕ್ಕೆ ಮೂರರಂತೆ ಹಿಡಿದರೂ ೪೪,೦೦೦ ಪೌಂಡಿಗೆ ವರ್ಷಕ್ಕೆ ೧,೩೨೦ ಪೌಂಡು ಬಡ್ಡಿ ಬರುತ್ತದೆ. ಹದಿನೈದು ಮಂದಿಯ ಕೈಖರ್ಚು ೧೫೦ ಪೌಂಡಾದರೆ ಉಳಿದುದು ಊಟಕ್ಕೂ ವಸತಿಗೂ ಬೋಧಕರಿಗೂ ಒದಗುತ್ತದೆ. ಸಾಲೋಟಗಿಯ ಹೊಲದಂತೆಯೇ, ಇಲ್ಲಿ ಬೆಳೆಯ ಬದಲು ಬಡ್ಡಿ. ಒಂದು ವರ್ಷ ಕಲಿತವಳು ಅನಂತರ ಕೆಲವು ವರ್ಷ ನಿಧಿಯವರು ಸೂಚಿಸಿದ ಆಸ್ಪತ್ರೆಯಲ್ಲಿ ಸಂಬಳಕ್ಕೆ ಕೆಲಸ ಮಾಡಬೇಕೆಂಬ ಕರಾರೂ ಇದ್ದಿತು. ಈ ಕರಾರು ಕೆಲವರಿಗೆ ಹಿಡಿಸಲಿಲ್ಲ. ಕರಾರು ಒಳ್ಳೆಯವರ ಕೈಯಲ್ಲಿದ್ದಾಗ ಕಲಿತವಳಿಗೆ ಕೆಲಸದ ಭರವಸೆ, ಲೋಭಿಗಳ ಕೈಯಲ್ಲಿದ್ದಾಗ ಕಾಲಿಗೆ ಸಂಕೋಲೆ.

ಇದಕ್ಕೆ ವಿರೋಧವಿರಲಿಲ್ಲವೆಂದು ತಿಳಿಯಬೇಡಿ. ಅದೇ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯ ಸೌತ್ ಎಂಬವರು ೧೮೫೭ರಲ್ಲಿಯೇ ಪುಸ್ತಿಕೆಯೊಂದನ್ನು ಬರೆದು, ದಾದಿಯರೆಂದರೆ ಮನೆಗೆಲಸದವರಂತೆ, ಪೋಲ್ಟೀಸು ಕಟ್ಟುವುದು ಮುಂತಾದುದನ್ನು ಕಲಿಸಿದರೆ ಸಾಕು, ಅವರಿಗೆ ಶಾಲೆ ಏಕೆ ಎಂದು ಕೇಳಿದ್ದರು. ವಿದ್ಯಾವಂತರೇ ಇತರರ ವಿದ್ಯೆಗೆ ಅಡ್ಡ ಬರುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ.

ವಿರೋಧಕ್ಕಿಂತ ಹೆಚ್ಚಿನ ಅಪಾಯ ಒಳಗಿನಿಂದ ಬಂದಿತು. ಶಾಲೆ ತೆರೆದ ಹತ್ತು ಹನ್ನೆರಡು ವರ್ಷಗಳ ಮೇಲೆ ನೈಟಿಂಗೇಲರು ವಿಚಾರಿಸಿ ನೋಡಿದರೆ, ವಿದ್ಯಾರ್ಥಿನಿಯರಿಗೆ ಉಪನ್ಯಾಸ ಮಾಡಬೇಕಾಗಿದ್ದ ಆಸ್ಪತ್ರೆಯ ವೈದ್ಯರು ಸಂಬಳವನ್ನು ಪಡೆಯುತ್ತಿದ್ದರೇ ಹೊರತು ಪಾಠವನ್ನು ನಿಲ್ಲಿಸಿಬಿಟ್ಟಿದ್ದರು! ವಿದ್ಯಾರ್ಥಿನಿಯರನ್ನು ಕಲಿಯುವವರಂತೆ ಕಾಣದೆ, ಬಿಟ್ಟಿ ಕೆಲಸದವರಂತೆ ವಾರ್ಡುಗಳಲ್ಲಿ ದುಡಿಸುತ್ತಿದ್ದುದೂ ತಿಳಿಯಿತು. ಬೋಧಕರನ್ನು ಬದಲಾಯಿಸಿದರು, ವಿದ್ಯಾರ್ಥಿನಿಯರ ಯೋಗಕ್ಷೇಮವನ್ನೂ ಪಾಠವನ್ನೂ ನೋಡಿಕೊಳ್ಳಲು ನಿಲಯದಲ್ಲಿಯೇ ಒಬ್ಬ ಸಿಸ್ಟರನ್ನು ನೇಮಿಸಿದರು, ಹಾಸಿಗೆಯಲ್ಲಿದ್ದುಕೊಂಡೇ ಒಬ್ಬೊಬ್ಬ ಹುಡುಗಿಯನ್ನೂ ಕರೆಸಿ ಮಾತನಾಡಿಸತೊಡಗಿದರು. ೧೮೭೨ರಿಂದ ವಿದ್ಯಾರ್ಥಿನಿಯರಿಗೆಲ್ಲ ಪತ್ರ ಬರೆಯುವ ರೂಢಿಯನ್ನೂ ಇಟ್ಟುಕೊಂಡರು. ನಿಧಿಯಿಂದಲೇ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಸೂಲಗಿತ್ತಿಯರ ಶಿಕ್ಷಣಕ್ಕೆ ಬೇರೊಂದು ಶಾಲೆಯನ್ನು ತೆರೆದಿದ್ದರು. ಅಲ್ಲಿ ಬಾಣಂತಿ ಜ್ವರದಿಂದ ತಾಯಂದಿರು ಸತ್ತುದನ್ನು ಕಂಡು ೧೮೬೭ರಲ್ಲಿ ಅದನ್ನು ಮುಚ್ಚಿದರು. ಹಣವಿದೆಯೆಂದು ಶಾಲೆಯನ್ನು ನಡೆಸಿಯೇ ತೀರಬೇಕೆಂಬ ಹಟ ಹಿಡಿಯಲಿಲ್ಲ. ಮರಣದ ಅಂಕಿಗಳನ್ನು ಕೂಡಿಹಾಕಿ ೧೮೭೧ರಲ್ಲಿ ಪುಸ್ತಕವನ್ನೇ ಬರೆದರು. ದತ್ತಿಯನ್ನು ಕೊಟ್ಟು ಮರೆತುಬಿಡುವವರೇ ಹೆಚ್ಚು. ಕೊಟ್ಟ ಮೇಲೆ ಹೀಗೆ ಲೆಕ್ಕ ಕೇಳಿದವರು ಕಡಿಮೆ.

ಆ ಶಾಲೆಯಲ್ಲಿ ಕಲಿತವರು ಎಲ್ಲೆಲ್ಲಿ ಹೋದರೆಂಬುದನ್ನು ನೋಡಿದರೆ ನಿಧಿಯ ಬೆಲೆ ತಿಳಿಯುತ್ತದೆ. ಆಗ್ನೆಸ್ ಜೋನ್ಸ್ ಎಂಬವರು ೧೮೬೫ರಲ್ಲಿ ೧೨ ಮಂದಿ ದಾದಿಯರೊಡನೆ ಲಿವರ್‌ಪೂಲ್ ನಗರದ ಬಡವರ ಆಸ್ಪತ್ರೆಗೆ ಹೋದರು. ನಿರ್ಗತಿಕರ ಆಸ್ಪತ್ರೆಯಲ್ಲಿ ಕಲಿತ ದಾದಿಯರು ಸೇವೆ ಮಾಡಿದುದು ಅದೇ ಮೊದಲು. ಮೂರು ವರ್ಷಕ್ಕೇ, ೧೮೬೮ರಲ್ಲಿ, ಅಲ್ಲಿಯೇ ಟೈಫಸ್ ಜ್ವರ ತಗುಲಿ ತೀರಿಕೊಂಡರು. ಅದೇ ವರ್ಷ ಲೂಸಿ ಆಸ್ಬರ್ನ್ ಐವರು ಸಂಗಡಿಗರೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಹೋಗಿ ಅಲ್ಲಿ ದಾದಿಯರ ಶಿಕ್ಷಣವನ್ನು ಆರಂಭಿಸಿದರು. ಅಮೆರಿಕೆಯಿಂದ ಲಿಂಡಾ ರಿಚರ್ಡ್ಸ್ ೧೮೭೭ರಲ್ಲಿ ಬಂದು ನೋಡಿ ಕಲಿತುಹೋದರು. ಮೂಲದ ಶಾಲೆಯು ಇಂದಿಗೂ ಲಂಡನ್ನಿನ ಕಿಂಗ್ಸ್ ಕಾಲೇಜಿನ ಭಾಗವಾಗಿ, ನೈಟಿಂಗೇಲರ ಹೆಸರಿನಿಂದಲೇ ನಡೆಯುತ್ತಿದೆ.

ನೈಟಿಂಗೇಲರು ೧೯೧೦ರ ಆಗಸ್ಟ್ ೧೩ರಂದು ನಿಧನರಾದರು. ಅದೇ ವರ್ಷ ಅಮೆರಿಕೆಯಲ್ಲಿ ಇಸಬೆಲ್ ಹ್ಯಾಂಪ್ಟನ್ ರಾಬ್ ಎಂಬ ಪ್ರಖ್ಯಾತ ದಾದಿಯು ಅಪಘಾತದಲ್ಲಿ ಮಡಿದಾಗ, ಅಲ್ಲಿಯ ದಾದಿಯರು ಕಲ್ಲಿನ ಸ್ಮಾರಕವನ್ನು ಕಟ್ಟದೆ, ದಾದಿಯರ ಉನ್ನತ ವ್ಯಾಸಂಗಕ್ಕಾಗಿ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನ ನಿಧಿಯನ್ನು ಸ್ಥಾಪಿಸಿದರು. ೧೯೩೪ರಲ್ಲಿ ನೈಟಿಂಗೇಲರ ಹೆಸರಿನಲ್ಲಿಯೂ ಅಂತರರಾಷ್ಟ್ರೀಯ ಪ್ರತಿಷ್ಠಾನವೊಂದು ಹುಟ್ಟಿತು. ದಾದಿಯಾಗಿದ್ದ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಆಫ್ರಿಕದ ಹೆಣ್ಣುಮಕ್ಕಳನ್ನು ಓದಿಸುವ ಕಾರ್ಯವನ್ನು ಅದು ಈಚಿನ ಕಾಲದಲ್ಲಿ ಕೈಗೊಂಡಿದೆ.

ಇನ್ನು ನಮ್ಮ ದೇಶದ ಮಾತು. ನೈಟಿಂಗೇಲರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ಊರುಗಳ ನೀರು, ಚರಂಡಿ, ಬರಗಾಲ, ಆಸ್ಪತ್ರೆಗಳ ಬಗ್ಗೆ ಹಲವು ದಶಕಗಳ ಕಾಲ ಓದಿದರು, ಬರೆದರು. ಭಾರತದ ಆಸ್ಪತ್ರೆಗಳಲ್ಲಿ ದಾದಿಯರ ವ್ಯವಸ್ಥೆ ಹೇಗಿರಬೇಕೆಂದು ೧೮೬೫ರಲ್ಲಿಯೇ ಸಲಹೆಗಳನ್ನು ಬರೆದುಕೊಟ್ಟರು. ೧೮೮೫ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ನಿಧಿಯೊಂದನ್ನು ಸ್ಥಾಪಿಸಿದರು. ಹೆಂಗಸರು ವೈದ್ಯರಾಗಿ, ದಾದಿಯರಾಗಿ, ಸೂಲಗಿತ್ತಿಯರಾಗಿ ಕಲಿಯಲು ವಿದ್ಯಾರ್ಥಿವೇತನ ಕೊಡುವುದು ಅದರ ಉದ್ದೇಶಗಳಲ್ಲೊಂದು. ೧೮೮೮ರಲ್ಲಿ ಹತ್ತು ಮಂದಿ ಕಲಿತ ದಾದಿಯರು ಸೈನ್ಯದ ಆಸ್ಪತ್ರೆಗಳಿಗಾಗಿ ಇಂಗ್ಲೆಂಡಿನಿಂದ ಮುಂಬಯಿಯಲ್ಲಿ ಬಂದಿಳಿದರು. ನಮ್ಮ ದೆಹಲಿಯಲ್ಲಿ ೧೯೧೬ರಲ್ಲಿ ತೆರೆದ ಲೇಡಿ ಹಾರ್ಡಿಂಜ್ ಕಾಲೇಜಿನೊಂದಿಗೆ ದಾದಿಯರ ಶಾಲೆಯೂ ಸೇರಿದ್ದಿತು. ಕನಾಟ್ ಪ್ಲೇಸಿನ ಹತ್ತಿರ ಬಸ್ಸಿನಲ್ಲಿ ಹೋಗುವಾಗ ಅದನ್ನು ನೀವು ದಿನವೂ ನೋಡುತ್ತಿರಬಹುದು. ಅದೂ ದತ್ತಿಯ ಕಟ್ಟಡವೇ. ರಾಜಮಹಾರಾಜರು ಕೊಟ್ಟ ಹಣದಿಂದ ಎದ್ದುದು.

ಇಷ್ಟಾದರೂ ಫಲ ಅಲ್ಪವಾಗಿಯೇ ಇದ್ದಿತು. ೧೯೪೬ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯ ಲೆಕ್ಕದಂತೆ ಆಗ ಬ್ರಿಟಿಷ್ ಭಾರತದಲ್ಲಿದ್ದ ದಾದಿಯರು ಸುಮಾರು ೭,೦೦೦ ಮಾತ್ರ; ೪೩,೦೦೦ ಜನಕ್ಕೆ ಒಬ್ಬ ದಾದಿ. ಇಂಗ್ಲೆಂಡಿನಲ್ಲಿ ಆಗ ೩೦೦ ಜನಕ್ಕೆ ಒಬ್ಬಳು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ದಾದಿಯರಿಗೆ ಪದವಿ ಶಿಕ್ಷಣ ಪ್ರಾರಂಭವಾಯಿತು. ದೆಹಲಿಯ ಆ ಕಾಲೇಜಿನಲ್ಲಿ ೧೯೫೯ರಲ್ಲಿ ದೇಶದ ಮೊದಲ ಸ್ನಾತಕೋತ್ತರ ವರ್ಗವೂ ತೆರೆಯಿತು. ಇಂದು ಅದಕ್ಕೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿದೆ. ಅವರು ದಾದಿಯಲ್ಲ, ಕಪುರ್ತಲಾ ರಾಜವಂಶದವರು, ಗಾಂಧೀಜಿಯವರ ಅನುಯಾಯಿ, ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ. ಆದರೆ ದಾದಿಯರ ದಣಿವನ್ನು ಬಲ್ಲವರು. ಸಿಮ್ಲಾದಲ್ಲಿದ್ದ ‘ಮ್ಯಾನರ್‌ವಿಲ್’ ಎಂಬ ತಮ್ಮ ಮನೆಯನ್ನು ಅವರು ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಗೆ ಬಿಟ್ಟುಕೊಟ್ಟರು. ೧೯೪೫ರಲ್ಲಿ ಗಾಂಧೀಜಿ ತಂಗಿದ್ದ ಮನೆ ಅದು. ಅಲ್ಲಿಯ ದಾದಿಯರೂ ಇತರ ಸಿಬ್ಬಂದಿಯೂ ರಜೆಯಲ್ಲಿ ಹೋಗಿ ನಾಲ್ಕು ದಿನ ವಿಶ್ರಮಿಸಿಕೊಳ್ಳಲೆಂದು ಅದನ್ನು ಮೀಸಲಾಗಿಟ್ಟರು. ದೆಹಲಿಯ ಜೂನ್ ತಿಂಗಳ ಲೂ ಗಾಳಿಯಲ್ಲಿ ವಾರ್ಡಿನಿಂದ ವಾರ್ಡಿಗೆ ನಡೆದವರಿಗೆ ಬೆಟ್ಟದ ಮೇಲಿನ ಮನೆಯ ಬೆಲೆ ಗೊತ್ತು.

ಮಂತ್ರಿಗಳೂ ಮಹಾರಾಣಿಯರೂ ಕೊಡುವುದು ಒಂದು ಬಗೆ. ಮೂವತ್ತು ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು, ಪ್ರಾವಿಡೆಂಟ್ ಫಂಡಿನ ಹಣವನ್ನು ಬ್ಯಾಂಕಿನಲ್ಲಿಟ್ಟಿರುವ ಸಾಮಾನ್ಯ ದಾದಿಯು ತನ್ನ ಉಳಿತಾಯವನ್ನು ಮುಂದಿನವರ ವಿದ್ಯೆಗೆ ಬಿಡಬೇಕೆಂದರೆ ಏನು ಮಾಡಬೇಕು? ಇದಕ್ಕೆ ಉಯಿಲು ಬರೆಯಬೇಕು. ಉಯಿಲು ಬರೆಯುವುದು ಜನರು ಭಾವಿಸುವಷ್ಟು ಕಷ್ಟವಲ್ಲ. ಹದಿನೆಂಟು ವರ್ಷ ತುಂಬಿ ಬುದ್ಧಿ ಸ್ವಸ್ಥವಾಗಿರುವ ಯಾರಾದರೂ ಬರೆಯಬಹುದು. ಛಾಪಾಕಾಗದ ಬೇಡ, ಬಿಳಿಯ ಹಾಳೆ ಸಾಕು. ಬರೆದವರ ಸಹಿ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಾಯಿಸುವುದು ಕಡ್ಡಾಯವಲ್ಲ, ಮಾಡಿದರೆ ಒಳ್ಳೆಯದು.

ಆದರೆ ಒಂದು ವಿಚಿತ್ರವಾದ ಅಡ್ಡಿಯು ಈಚಿನವರೆಗೂ ಇದ್ದಿತು. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ೧೧೮ನೆಯ ಪ್ರಕರಣದಂತೆ, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳಾಗಲಿ, ಅವರಿಗಿಂತ ಹತ್ತಿರದ ಬಂಧುಗಳಾಗಲಿ ಇರುವವರು ಧರ್ಮಕಾರ್ಯಕ್ಕೆ ಆಸ್ತಿಯನ್ನು ಬಿಡಬೇಕಾದರೆ, ಸಾವಿಗೆ ಕಡಿಮೆಯೆಂದರೆ ಹನ್ನೆರಡು ತಿಂಗಳು ಮೊದಲೇ ಉಯಿಲನ್ನು ಬರೆದಿರಬೇಕು. ಬರೆದ ಆರು ತಿಂಗಳೊಳಗೆ ಸರಕಾರದ ಸುರಕ್ಷಿತ ಸ್ಥಳದಲ್ಲಿ ಇಟ್ಟಿರಬೇಕು. ಹಾಗಿಲ್ಲದಿದ್ದರೆ ಆ ದತ್ತಿ ಸಲ್ಲದು. ತನ್ನ ಸಾವು ಯಾವಾಗ ಬರುವುದೆಂದು ಒಂದು ವರ್ಷ ಮುಂಚೆ ತಿಳಿದವರಾರು? ಹಿಂದುಗಳಿಗೂ ಮುಸಲ್ಮಾನರಿಗೂ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಅದರ ಭಾರ ಮುಖ್ಯವಾಗಿ ಬಿದ್ದುದು ಕ್ರೈಸ್ತರ ಮೇಲೆ. ನಮ್ಮ ದೇಶದಲ್ಲಿ ದಾದಿಯರ ವೃತ್ತಿಗೆ ಮೊದಲಿಂದಲೂ ಹೆಚ್ಚಾಗಿ ಬಂದವರು ಕೇರಳ, ಮಂಗಳೂರು ಮುಂತಾದ ಕಡೆಗಳ ಕ್ರೈಸ್ತ ಹೆಣ್ಣುಮಕ್ಕಳು. ಜೀವಮಾನವೆಲ್ಲ ಇತರರ ಮಂಚದ ಬಳಿ ನಿಂತವಳು ತಾನೇ ಮಂಚ ಹಿಡಿದು, ಕೊನೆಯ ತಿಂಗಳಲ್ಲಿ ‘ನನ್ನ ಹಣದಿಂದ ಒಬ್ಬ ಬಡ ಹುಡುಗಿ ನರ್ಸಿಂಗ್ ಓದಲಿ’ ಎಂದು ಬರೆದರೆ, ಊರಿನಲ್ಲಿ ಅವಳಿಗೊಬ್ಬ ಅಣ್ಣನ ಮಗನಿದ್ದಾನೆಂಬ ಕಾರಣಕ್ಕೆ ಆ ಬರಹವು ವ್ಯರ್ಥವಾಗುವಂತಿದ್ದಿತು. ಕೇರಳದ ಪಾದ್ರಿಯೊಬ್ಬರಾದ ಜಾನ್ ವಲ್ಲಮಟ್ಟಂ ಇದನ್ನು ಪ್ರಶ್ನಿಸಿ ಇಲ್ಲಿಯ ಸುಪ್ರೀಂ ಕೋರ್ಟಿಗೆ ಬಂದರು. ೨೦೦೩ರಲ್ಲಿ ನ್ಯಾಯಾಲಯವು, ಈ ಪ್ರಕರಣವು ಸಮಾನತೆಗೆ ವಿರುದ್ಧವೆಂದು ಅದನ್ನು ರದ್ದುಪಡಿಸಿತು. ಸ್ವಾತಂತ್ರ್ಯ ಬಂದು ಐವತ್ತಾರು ವರ್ಷಗಳಾಗಿದ್ದುವು!

ಉಯಿಲಿನ ಹಣವನ್ನು ಯಾರ ವಶಕ್ಕೆ ಕೊಡುವುದೆಂಬುದೂ ಯೋಚಿಸತಕ್ಕ ವಿಷಯ. ಬಂಧುವೊಬ್ಬನ ಕೈಗೆ ಕೊಟ್ಟು ‘ನೀನೇ ನೋಡಿಕೊ’ ಎಂದರೆ ಅವನ ಕಾಲಕ್ಕೆ ಅದು ಮುಗಿಯುತ್ತದೆ. ಕಾಲೇಜಿಗೋ ನೋಂದಾಯಿತ ಸಂಘಕ್ಕೋ ಟ್ರಸ್ಟಿಗೋ ಲಿಖಿತ ನಿಬಂಧನೆಗಳೊಡನೆ ಕೊಡುವುದು ಮೇಲು. ೧೮೯೦ರ ಧರ್ಮದತ್ತಿ ಕಾಯಿದೆಯಂತೆ ಸರಕಾರವು ನೇಮಿಸಿದ ಖಜಾಂಚಿಯ ಹೆಸರಿಗೆ ಮೂಲಧನವನ್ನು ಒಪ್ಪಿಸುವ ದಾರಿಯೂ ಇದೆ.

ಮೂಲಧನವನ್ನು ಕಾಪಾಡುವುದರಲ್ಲಿ ಇಂದಿನ ಕಾಲಕ್ಕೆ ಒಂದು ತೊಡಕುಂಟು. ನಮ್ಮ ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಹತ್ತು ಲಕ್ಷ ರೂಪಾಯಿ ದತ್ತಿಯೆಂದೂ, ಬಡ್ಡಿ ನೂರಕ್ಕೆ ಏಳೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ ೭೦,೦೦೦ ರೂಪಾಯಿ. ಅದೆಲ್ಲವನ್ನೂ ವಿದ್ಯಾರ್ಥಿವೇತನವಾಗಿ ಕೊಟ್ಟರೆ ಮೂಲಧನವು ಹತ್ತು ಲಕ್ಷವಾಗಿಯೇ ಉಳಿಯುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಇಪ್ಪತ್ತು ವರ್ಷಗಳ ಮೇಲೆ ಆ ೭೦,೦೦೦ಕ್ಕೆ ಇಂದಿನ ೨೬,೪೦೦ ರೂಪಾಯಿಯಷ್ಟೇ ಬೆಲೆ. ಮೊದಲ ಹುಡುಗಿಗೆ ಹಾಸ್ಟೆಲೂ ಊಟವೂ ಒದಗಿದ್ದ ದತ್ತಿ ಇಪ್ಪತ್ತನೆಯವಳಿಗೆ ಪುಸ್ತಕಕ್ಕೆ ಸಾಲದೆ ಹೋಗುತ್ತದೆ. ಇದನ್ನು ತಪ್ಪಿಸಬೇಕಾದರೆ ಬಡ್ಡಿಯಲ್ಲಿ ಐದು ಪಾಲನ್ನು ಮೂಲಧನಕ್ಕೇ ಸೇರಿಸಿ, ಎರಡು ಪಾಲನ್ನು ಮಾತ್ರ, ಎಂದರೆ ಮೊದಲ ವರ್ಷ ೨೦,೦೦೦ ರೂಪಾಯಿಯನ್ನು ಕೊಡಬೇಕು. ಆಗ ಕೊಡುವ ಮೊತ್ತ ಚಿಕ್ಕದು. ಆದರೆ ಐವತ್ತು ವರ್ಷ ಕಳೆದರೂ ಅದರ ಬೆಲೆ ಕುಂದುವುದಿಲ್ಲ. ನೈಟಿಂಗೇಲರ ಕಾಲದಲ್ಲಿ ಬೆಲೆಗಳು ಹೀಗೆ ಓಡುತ್ತಿರಲಿಲ್ಲವಾದುದರಿಂದ ಅವರ ನಿಧಿಯವರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಹಳೆಯ ಕಾಲದ ಎಷ್ಟೋ ದತ್ತಿಗಳು ಇಂದು ವರ್ಷಕ್ಕೆ ನೂರು ರೂಪಾಯಿಯ ಬಹುಮಾನವಾಗಿ ಸೊರಗಿರುವುದಕ್ಕೆ ಕಾರಣ ಇದೇ. ಹತ್ತು ವರ್ಷ ಪೂರ್ತಿಯಾಗಿ ಕೊಟ್ಟು ಮುಗಿಸಿಬಿಡುವುದು ಲೇಸೋ, ಸ್ವಲ್ಪಸ್ವಲ್ಪವಾಗಿ ಎಂದೆಂದಿಗೂ ಕೊಡುವುದು ಲೇಸೋ ಎಂಬುದರಲ್ಲಿ ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯವಿದೆ. ನಮಗೆ ಎರಡನೆಯದೇ ಹಿಡಿಸುತ್ತದೆ.

೧೮೬೦ರ ಆ ಏರ್ಪಾಡನ್ನು ಇಂದು ಹೆಚ್ಚುಕಡಿಮೆ ಅದೇ ರೂಪದಲ್ಲಿ ಕಾಣಬೇಕಾದರೆ ನಮ್ಮ ಸೈನ್ಯದ ಕಡೆಗೆ ನೋಡಬೇಕು. ಅಲ್ಲಿ ಕೊಡುವವರು ದಾದಿಯಲ್ಲ, ಸರಕಾರ. ಆದರೆ ಕೊಡುವ ಕ್ರಮ ಅದೇ. ೧೮೮೮ರ ಆ ಹತ್ತು ಮಂದಿಯಿಂದ ತನ್ನ ಚರಿತ್ರೆಯನ್ನು ಎಣಿಸುವ ಮಿಲಿಟರಿ ನರ್ಸಿಂಗ್ ಸರ್ವೀಸಿಗೆ ಸೇರುವ ಹುಡುಗಿಯರಿಗೆ ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಶಿಕ್ಷಣವು ಸರಕಾರದ ವೆಚ್ಚದಲ್ಲಿ ದೊರೆಯುತ್ತದೆ. ವಸತಿ, ರೇಷನ್ನು, ಸಮವಸ್ತ್ರಕ್ಕೆ ಹಣ, ತಿಂಗಳ ಕೈಖರ್ಚು ಎಲ್ಲವೂ ಉಂಟು. ಕಲಿತ ಮೇಲೆ ಸೈನ್ಯದ ಆಸ್ಪತ್ರೆಗಳಲ್ಲಿ ಸೇವೆ ಮಾಡುವೆನೆಂಬ ಕರಾರೂ ಉಂಟು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಈಚಿನ ವರ್ಷಗಳಲ್ಲಿ ನೀಟ್ ಪರೀಕ್ಷೆಯ ಅಂಕಗಳನ್ನು ನೋಡಿ ಆರಿಸಿಕೊಳ್ಳುತ್ತಾರೆ. ಇಂತಹ ಕಾಲೇಜುಗಳಲ್ಲಿ ಒಂದು ದೆಹಲಿ ಕಂಟೋನ್ಮೆಂಟಿನ ಆರ್ಮಿ ಆಸ್ಪತ್ರೆಯಲ್ಲಿದೆ; ಇನ್ನೊಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ.